ಡ್ರೈವರ್ ಪುಟದ ಒಂದು ಅಂಕಿ ತಿದ್ದಿದ್ದು

ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ಗೆ ಪ್ಯಾಚ್ (ತಿದ್ದುಪಡಿ) ಕಳಿಸಿದೆ ಅಂದರೆ ನಮ್ಮ ಬದಿಯಡ್ಕದಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಅದೂ ಕೋಡ್ ಅಲ್ಲ, ದಾಖಲೆಯ ಒಂದೆರಡು ಸಾಲು. "ನಾಲ್ಕು ಅಕ್ಷರ ತಿದ್ದಲಿಕ್ಕೆ ಇಷ್ಟು ಒದ್ದಾಟ ಎಂತಕ್ಕೆ ಮಾರಾಯ?" ಎಂದು ಕೇಳಿದ ಗೆಳೆಯನಿಗೆ ನಿಂತಲ್ಲೇ ಹೇಳಿ ಮುಗಿಸಲಿಕ್ಕೆ ಆಗಲಿಲ್ಲ.

ಅಡಿಕೆ ಒಣಗಿಸುವ ಸೋಲಾರ್ ಗೂಡಿನೊಳಗೆ ಬಿಸಿ ಎಷ್ಟು ಏರುತ್ತದೆಂದು ನೋಡಲಿಕ್ಕೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಒಂದು ಸೆನ್ಸರ್ ಜೋಡಿಸಿದ್ದೆ. ಎಲ್‌ಎಂ75 ಎಂಬ ಹಳೆಯ ತಾಪಮಾನದ ಚಿಪ್‌ನ ಜಾತಿಯದ್ದು. ಅದು ಅರ್ಧ ಡಿಗ್ರಿಯ ಹೆಜ್ಜೆಯಲ್ಲಿ ಅಳೆಯುತ್ತದೆ ಎಂದು ಅದರ ಡ್ರೈವರಿನ (ಚಿಪ್ ನಡೆಸುವ ಕರ್ನಲ್ ಕೋಡಿನ) ದಾಖಲೆ ಪುಟದಲ್ಲಿತ್ತು. ಪರದೆಯಲ್ಲಿ ಬರುತ್ತಿದ್ದದ್ದು 31312, 31375, 31437. ಕರ್ನಲ್ ತಾಪಮಾನವನ್ನು ಡಿಗ್ರಿಯ ಸಾವಿರದಲ್ಲಿ ಒಂದಂಶದ ಲೆಕ್ಕದಲ್ಲಿ ಕೊಡುತ್ತದೆ. ಹಾಗಾದರೆ ಹೆಜ್ಜೆ 0.0625 ಡಿಗ್ರಿ, ಅಂದರೆ 12 ಬಿಟ್; ಬಿಟ್ ಹೆಚ್ಚಿದಷ್ಟು ಹೆಜ್ಜೆ ಸಣ್ಣದು. ಅರ್ಧ ಡಿಗ್ರಿ ಎಂಬುದು 9 ಬಿಟ್‌ನ ಹಳೆಯ ಎಲ್‌ಎಂ75ರದ್ದು.

ಪುಟ ತಪ್ಪು ಎಂದು ಅಲ್ಲಿಗೇ ಹೇಳಿಬಿಡುವ ಹಾಗಿಲ್ಲ. ಸಾಕ್ಷಿ ಮೂರು: ತಯಾರಕರ ಡೇಟಾಶೀಟ್ (ಚಿಪ್‌ನ ವಿವರಗಳ ಪತ್ರ), ಡ್ರೈವರಿನ ಕೋಡ್, ಮೇಜಿನ ಮೇಲಿರುವ ಚಿಪ್. ಇದರಲ್ಲಿ ಎಲ್ಲಕ್ಕಿಂತ ದುರ್ಬಲ ಸಾಕ್ಷಿ ಚಿಪ್. ಅಗ್ಗದ ಮಾಡ್ಯೂಲಿನಲ್ಲಿ ಮೇಲೆ ಬರೆದ ಹೆಸರೇ ಒಳಗೆ ಇದೆ ಎಂದು ನಂಬುವ ಹಾಗಿಲ್ಲ. ಮೂಲ ಎಲ್‌ಎಂ75ಕ್ಕಂತೂ ತಾನು ಯಾರೆಂದು ಹೇಳುವ ಗುರುತಿನ ರಿಜಿಸ್ಟರೇ (ಚಿಪ್‌ನೊಳಗಿನ ಅಂಕಿಯ ಖಾನೆ) ಇಲ್ಲ. ಆದ್ದರಿಂದ ನನ್ನ ಪರದೆಯ ಅಂಕಿ ಅನುಮಾನ ಹುಟ್ಟಿಸಲಿಕ್ಕೆ ಸಾಕಾಯಿತು, ಸಾಬೀತಿಗೆ ಸಾಲಲಿಲ್ಲ. ಡೇಟಾಶೀಟ್ ತೆಗೆದರೆ 12 ಬಿಟ್. ಕೋಡಿನಲ್ಲಿ ಆ ಚಿಪ್‌ಗೆ ಬರೆದಿಟ್ಟದ್ದೂ 12 ಬಿಟ್. ಪುಟ ಮಾತ್ರ ಬೇರೆ ಹಾಡು ಹಾಡುತ್ತಿತ್ತು.

ಡೇಟಾಶೀಟ್ ಒಂದನ್ನೇ ಹಿಡಿದುಕೊಂಡು ತಿದ್ದುವುದೂ ಅಪಾಯ. ಡ್ರೈವರ್ ಪುಟ ಚಿಪ್ ಏನು ಮಾಡಬಲ್ಲದು ಎಂಬುದಕ್ಕಿಂತ ಡ್ರೈವರ್ ಅದರಿಂದ ಏನು ಮಾಡಿಸುತ್ತದೆ ಎಂಬುದನ್ನು ಹೇಳಬೇಕು. ಇದಕ್ಕೆ ಒಳ್ಳೆಯ ಉದಾಹರಣೆ, ಚಿಪ್ ಇದೆಯೇ ಎಂದು ಡ್ರೈವರ್ ಹುಡುಕುವ ವಿಳಾಸಗಳ (ಚಿಪ್ ಅನ್ನು ಕರೆಯುವ ಸಂಖ್ಯೆಗಳ) ಸಾಲು. ಎಲ್‌ಎಂ75ಕ್ಕೆ ಅಲ್ಲಿ ಹೆಕ್ಸ್ (ಹದಿನಾರರ ಎಣಿಕೆ) 48ರಿಂದ 4ಎಫ್ ವರೆಗೆ ಎಂದಿದೆ. ಮೂರು ವಿಳಾಸ ಪಿನ್ನುಗಳು, ಎಂಟು ವಿಳಾಸ. ಅದೇ ಪುಟದ ಬೇರೆ ಕೆಲವು ಚಿಪ್‌ಗಳ ಎದುರು 'ಯಾವುದೂ ಇಲ್ಲ' ಎಂದಿದೆ. ಹೊಸಬರಿಗೆ ಇದು ಬಿಟ್ಟುಹೋದದ್ದರ ಹಾಗೆ ಕಾಣುತ್ತದೆ. ಬಿಟ್ಟುಹೋದದ್ದಲ್ಲ. ಚಿಪ್‌ಗೆ ವಿಳಾಸ ಉಂಟು, ಡ್ರೈವರ್ ತಾನಾಗಿ ಹುಡುಕಿಕೊಂಡು ಹೋಗುವುದಿಲ್ಲ ಅಷ್ಟೆ; ಡಿವೈಸ್ ಟ್ರೀ ಎಂಬ ಯಂತ್ರಭಾಗಗಳ ಪಟ್ಟಿಯಲ್ಲೋ ಕೈಯಾರೆಯೋ ನಾವೇ ಹೇಳಬೇಕು. ಡೇಟಾಶೀಟ್ ನೋಡಿ ಅಲ್ಲಿ ವಿಳಾಸ ತುಂಬಿಸಿದರೆ ಸರಿಯಿದ್ದ ಪುಟ ಕೆಟ್ಟಿತು.

ಅರ್ಧ ಡಿಗ್ರಿ ಅಲ್ಲಿಗೆ ಹೇಗೆ ಬಂತು ಎಂದು ತಿಳಿಯಲಿಕ್ಕೆ, ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್‌ನ ಇತಿಹಾಸ ಪೂರ್ತಿ ಬೇಕು. ಅದು ಗಿಗಾಬೈಟ್‌ಗಟ್ಟಲೆ. ಮಳೆಗಾಲದಲ್ಲಿ ಸಿಡಿಲು ಗುಡುಗಿದೊಡನೆ ರೌಟರಿನ ವಯರು ಕಿತ್ತಿಡುವ ಊರು ನಮ್ಮದು; ಅದನ್ನು ಇಳಿಸಿಕೊಳ್ಳುವ ಗಿಟ್ ಕ್ಲೋನ್ ನಡುವೆ ಕಡಿದರೆ ಮತ್ತೆ ಮೊದಲಿನಿಂದ. ಕರ್ನಲ್ ಡಾಟ್ ಆರ್ಗ್‌ನಲ್ಲಿ ಇಡೀ ಇತಿಹಾಸದ ಬಂಡಲ್ ಒಂದೇ ಫೈಲಾಗಿ ಸಿಗುತ್ತದೆ. ಅದನ್ನು ಡಬ್ಲ್ಯೂಗೆಟ್ ಎಂಬ ಡೌನ್‌ಲೋಡ್ ಸಾಧನದಲ್ಲಿ ನಿಂತಲ್ಲಿಂದ ಮುಂದುವರಿಸಬಹುದು. ನೆಟ್ ನೆಚ್ಚಲಾಗದವರು ಇದನ್ನೇ ಮಾಡಿ.

ಯಾವ ಸಾಲು ಯಾವ ಬದಲಾವಣೆಯಲ್ಲಿ ಬಂತೆಂದು ತೋರಿಸುವ ಗಿಟ್ ಬ್ಲೇಮ್ ಹಾಕಿದರೆ ಸಿಕ್ಕಿದ್ದು 2019ರ ಬದಲಾವಣೆ. ಹಾರ್ಡ್‌ವೇರ್ ಮಾನಿಟರಿಂಗ್ ಪುಟಗಳನ್ನು ಸರಳ ಪಠ್ಯದಿಂದ ಆರ್‌ಎಸ್‌ಟಿ ಎಂಬ ವಿನ್ಯಾಸದ ಗುರುತುಗಳಿರುವ ಪಠ್ಯರೂಪಕ್ಕೆ ತಂದ ವರ್ಷ ಅದು. ಅದರ ಹಿಂದಕ್ಕೆ ಇಳಿದಾಗ ಕಾರಣ ಕಂಡಿತು: ಪುಟ ಬರೆದದ್ದು ಒಂದು ಚಿಪ್‌ಗೆ, ಅದರ ನೆಂಟರು ಆಮೇಲೆ ಒಬ್ಬೊಬ್ಬರಾಗಿ ಸೇರಿದ್ದು. ಸೇರಿಸಿದವರು ಮೇಲಿನ ಪಟ್ಟಿಗೆ ಹೆಸರು ಹಾಕಿದರು, ಕೆಳಗಿನ ವಿವರಣೆ ಹಾಗೆಯೇ ಉಳಿಯಿತು. ದಾಖಲೆ ಕೆಡುವುದು ಹೆಚ್ಚಾಗಿ ಹೀಗೆಯೇ. ಯಾರೂ ಸುಳ್ಳು ಬರೆದದ್ದಲ್ಲ.

ತಿದ್ದುಪಡಿ ಚಿಕ್ಕದು, ಅದರ ಜೊತೆಗಿನ ಟಿಪ್ಪಣಿಗೇ ಹೆಚ್ಚು ಹೊತ್ತು ಹಿಡಿಯಿತು. ಡೇಟಾಶೀಟಿನ ಯಾವ ಆವೃತ್ತಿ, ಯಾವ ಕೋಷ್ಟಕ ಎಂದು ಬರೆದೆ. ಕೋಡಿನಲ್ಲಿ ಅದೇ ಅಂಕಿ ಎಲ್ಲಿದೆ ಎಂದೂ ಬರೆದೆ. ತಪ್ಪು ಹೊಕ್ಕ ಕಮಿಟ್‌ನ (ಗಿಟ್‌ನಲ್ಲಿ ದಾಖಲಾದ ಬದಲಾವಣೆಯ) ಗುರುತಿನ ಮೊದಲ 12 ಅಕ್ಷರಗಳನ್ನು 'ಫಿಕ್ಸಸ್' ಸಾಲಿನಲ್ಲಿ ಹಾಕಿದೆ. ಕೊನೆಗೆ 'ಸೈನ್ಡ್ ಆಫ್ ಬೈ' ಸಾಲು, ನನ್ನ ಹೆಸರಿನಲ್ಲಿ. ಅದು ಅಲಂಕಾರಕ್ಕಲ್ಲ, ಇದನ್ನು ಕೊಡುವ ಹಕ್ಕು ನನಗಿದೆ ಎಂಬ ಘೋಷಣೆ. ಪ್ಯಾಚ್‌ನ ರೂಪ ನೋಡುವ ಚೆಕ್‌ಪ್ಯಾಚ್ ಓಡಿಸಿ, ಪುಟಗಳನ್ನು ಕಟ್ಟುವ ಮೇಕ್ ಎಚ್‌ಟಿಎಂಎಲ್‌ಡಾಕ್ಸ್ ಹಾಕಿ ಕೋಷ್ಟಕ ಮುರಿದಿಲ್ಲ ಎಂದು ನೋಡಿಕೊಂಡು, ಆ ಭಾಗ ನೋಡಿಕೊಳ್ಳುವವರು ಯಾರೆಂದು ಗೆಟ್ ಮೇಂಟೇನರ್ ಸ್ಕ್ರಿಪ್ಟ್ ತೋರಿಸಿದವರಿಗೆ ಸಾದಾ ಪಠ್ಯದಲ್ಲಿ ಕಳಿಸಿದೆ.

ಪುಟದಲ್ಲಿ ಒಂದು ಕಾಗುಣಿತ ತಪ್ಪೂ ಇತ್ತು. ಅದನ್ನು ಬೇರೆ ಪ್ಯಾಚ್ ಮಾಡಿದೆ. ಅಂಕಿಯ ತಿದ್ದುಪಡಿಯಲ್ಲಿ ಕಾಗುಣಿತ ಬೆರೆತರೆ ಪರಿಶೀಲಿಸುವವರ ಕಣ್ಣು ಅಂಕಿಯ ಮೇಲೆ ನಿಲ್ಲುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಪರಿಶೀಲಿಸಿದವರಿಂದ ಬಂದ ಪ್ರಶ್ನೆ ಒಂದೇ: 0.0625 ಅಂದರೆ ಅಷ್ಟು ಸರಿಯಾಗಿ ಅಳೆಯುತ್ತದೆ ಎಂದು ಓದುವವರು ತಿಳಿದರೆ? ನ್ಯಾಯವಾದ ಮಾತು. ಎಲ್‌ಎಂ75ರಲ್ಲಿಯೇ ನೋಡಿ, ಹೆಜ್ಜೆ ಅರ್ಧ ಡಿಗ್ರಿ. ತಪ್ಪಬಹುದಾದ ಮಿತಿ ಎರಡು ಡಿಗ್ರಿ ಆಚೀಚೆ. ಹೆಜ್ಜೆಯನ್ನೂ ಮಿತಿಯನ್ನೂ ಬೇರೆ ಬೇರೆ ವಾಕ್ಯ ಮಾಡಿ ಮತ್ತೆ ಕಳಿಸಿದೆ, ಸೇರಿತು.

ಅದೇ ಹೊತ್ತಿಗೆ ಉಳಿದ ಅಂಕಿಗಳನ್ನೂ ಚಿಪ್‌ನೊಂದಿಗೆ ತಾಳೆ ನೋಡಿದ್ದೆ. ಕರೆಂಟು ಬಂದೊಡನೆ ಎಚ್ಚರಿಕೆಯ ಮಿತಿ 80 ಡಿಗ್ರಿ, ಎಚ್ಚರಿಕೆ ನಿಲ್ಲುವುದು ಬಿಸಿ 75ಕ್ಕೆ ಇಳಿದಾಗ. ಇದು ಡೇಟಾಶೀಟಿನಂತೆಯೇ ಇತ್ತು, ಮುಟ್ಟಲಿಲ್ಲ. ಅಡಿಕೆ ಗೂಡಿಗೆ 80 ತೀರಾ ಜಾಸ್ತಿ. ಅದನ್ನು ಮನೆಯ ಸ್ಕ್ರಿಪ್ಟಿನಲ್ಲೇ ಇಳಿಸಿಕೊಂಡಿದ್ದೇನೆ.