ಕಾಫಿ ಘಟಕಗಳ ವಾರ್ಷಿಕ ಪರಿಸರ ವರದಿ: ನಮೂನೆ 5 ತುಂಬುವ ಬಗೆ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ ಪಡೆದು ನಡೆಯುವ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪಿಂಗ್ ಘಟಕಗಳೂ ಒಣಗಿದ ಕಾಫಿಯ ಹೊಟ್ಟು ತೆಗೆದು ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ಗಳೂ ಪರಿಸರ ಸಂರಕ್ಷಣಾ ನಿಯಮಗಳು, 1986ರ 14ನೇ ನಿಯಮದಂತೆ, ಮಾರ್ಚ್ 31ಕ್ಕೆ ಮುಗಿದ ಹಣಕಾಸು ವರ್ಷದ ಪರಿಸರ ವರದಿಯನ್ನು ನಮೂನೆ 5ರಲ್ಲಿ ಸೆಪ್ಟೆಂಬರ್ 30ರೊಳಗೆ ರಾಜ್ಯ ಮಂಡಳಿಗೆ ಸಲ್ಲಿಸಬೇಕು. ಬರೆಯುವುದು ಸೆಪ್ಟೆಂಬರಿನಲ್ಲಾದರೂ ಅದರ ಕೆಲಸ ಕೊಯ್ಲಿನ ಮೊದಲ ದಿನವೇ ಶುರುವಾಗಬೇಕು. ಏಕೆಂದರೆ ನಮೂನೆ ಕೇಳುವ ಅಂಕಿಗಳನ್ನು ಆಯಾ ದಿನವೇ ಅಳೆದಿಡದಿದ್ದರೆ ಆಮೇಲೆ ಅಂದಾಜು ಬರೆಯುವುದೊಂದೇ ದಾರಿ.

ಹಣ್ಣಿನ ತೂಕ ಮುಗಿದು ಸಂಜೆ ಪಲ್ಪರ್ ಓಡಿಸುವ ಮುನ್ನ ಮತ್ತು ನಿಲ್ಲಿಸಿದ ಬಳಿಕ, ಒಳಬರುವ ನೀರಿನ ಮೀಟರನ್ನು ತೋಟದ ಲೆಕ್ಕ ಬರೆಯುವ ರೈಟರ್ ಓದಿ ಪುಸ್ತಕದಲ್ಲಿ ಬರೆಯಲಿ. ಅದೇ ಸಾಲಿನಲ್ಲಿ ಅಂದಿನ ಹಣ್ಣಿನ ತೂಕವೂ ಹೊರಹೋದ ನೀರಿನ ಪ್ರಮಾಣವೂ ಇರಲಿ. ತೊಳೆದ ನೀರನ್ನು ಮತ್ತೆ ಬಳಸಿದ್ದರೆ ಅದನ್ನು ಹೊಸ ನೀರಿನೊಂದಿಗೆ ಕೂಡಿಸದೆ ಬೇರೆ ಅಂಕಣದಲ್ಲಿ ತೋರಿಸಿ. ನಮೂನೆಯ 'ಬಿ' ಭಾಗವು ಉತ್ಪನ್ನದ ಪ್ರತಿ ಘಟಕಕ್ಕೆ ಎಷ್ಟು ನೀರು ಖರ್ಚಾಯಿತೆಂದು ಹಿಂದಿನ ವರ್ಷದ ಜೊತೆಗಿಟ್ಟು ಕೇಳುವುದರಿಂದ, ನೀರಿನ ಉಳಿತಾಯ ನಿಜವಾಗಿ ಆಗಿದೆಯೇ ಎಂಬುದು ಅಲ್ಲಿ ತಾನಾಗಿ ಬಯಲಾಗುತ್ತದೆ.

ಅತಿ ಹೆಚ್ಚು ಎಚ್ಚರ ಬೇಕಾಗಿರುವುದು ದಿನದ ಸರಾಸರಿಯಲ್ಲಿ. ಒಂದು ಘಟಕವು 60 ದಿನ ಓಡಿ 1,200 ಘನ ಮೀಟರ್ ನೀರು ಹೊರಬಿಟ್ಟಿದೆ ಎಂದಿಟ್ಟುಕೊಳ್ಳಿ. ಓಡಿದ ದಿನಗಳಿಂದ ಭಾಗಿಸಿದರೆ ದಿನಕ್ಕೆ 20 ಘನ ಮೀಟರ್. 365ರಿಂದ ಭಾಗಿಸಿದರೆ ಸುಮಾರು 3.3. ಎರಡನೆಯ ಅಂಕಿ ಲೆಕ್ಕಕ್ಕೆ ಸರಿ ಕಂಡರೂ ವಾಸ್ತವವನ್ನು ಮುಚ್ಚಿಡುತ್ತದೆ. ಪಲ್ಪರ್ ನೀರು ಹುಳಿ, ಸಾವಯವ ಹೊರೆ ಹೆಚ್ಚಿರುವ ನೀರು. ಮಳೆ ನಿಂತು ಹಳ್ಳಗಳು ಸೊರಗುವ ಕಾಲದಲ್ಲೇ ಅದು ಹೊರಬರುತ್ತದೆ, ಯಗಚಿ, ಹೇಮಾವತಿಗಳ ಕೆಳದಂಡೆಯ ಊರುಗಳು ಆ ಹರಿವನ್ನೇ ನಂಬಿವೆ. ಆದ್ದರಿಂದ ಓಡಿದ ದಿನಗಳ ಸಂಖ್ಯೆಯನ್ನು ಸ್ಪಷ್ಟವಾಗಿ ಬರೆದು ಅದರಿಂದಲೇ ಭಾಗಿಸಿ.

ಹೊರಬಿಟ್ಟ ಮಾಲಿನ್ಯದ ವಿವರ ಕೇಳುವ 'ಸಿ' ಭಾಗಕ್ಕೆ ಬೇಕಾದ ನೀರಿನ ಮಾದರಿಯನ್ನು ಕೊಯ್ಲಿನ ಬಿರುಸಿನಲ್ಲೇ ಮಾನ್ಯತೆ ಪಡೆದ ಪ್ರಯೋಗಾಲಯದಿಂದ ತೆಗೆಸಿ. ಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಬಿಒಡಿ (ನೀರಿನಲ್ಲಿರುವ ಸಾವಯವ ವಸ್ತು ಕೊಳೆಯಲು ಬೇಕಾಗುವ ಆಮ್ಲಜನಕದ ಪ್ರಮಾಣ) ಅಂಕಿಯನ್ನು ದಿನದ ಘನ ಮೀಟರ್‌ಗಳಿಂದ ಗುಣಿಸಿ 1,000ದಿಂದ ಭಾಗಿಸಿದರೆ ದಿನಕ್ಕೆ ಎಷ್ಟು ಕಿಲೋಗ್ರಾಂ ಎಂಬುದು ಸಿಗುತ್ತದೆ. ಮಿತಿ ಮೀರಿದ್ದರೆ ಶೇಕಡಾವಾರು ವ್ಯತ್ಯಾಸದ ಜೊತೆ ಕಾರಣವನ್ನೂ ಅಲ್ಲೇ ಬರೆಯಬೇಕು. 'ತಾಂತ್ರಿಕ ಕಾರಣ' ಎಂದು ಬರೆದರೆ ಸಾಲದು, ಯಾವ ತೊಟ್ಟಿ ತುಂಬಿತು, ಯಾವ ಪಂಪು ಕೆಟ್ಟಿತು ಎಂದು ಹೇಳಿ.

ಹಣ್ಣಿನ ಸಿಪ್ಪೆ ಘನ ತ್ಯಾಜ್ಯದ ಭಾಗಕ್ಕೆ ಸೇರಿದರೆ, ಜನರೇಟರಿನ ಸುಟ್ಟ ಎಣ್ಣೆ ಅಪಾಯಕಾರಿ ತ್ಯಾಜ್ಯದ 'ಡಿ' ಭಾಗಕ್ಕೆ ಸೇರುತ್ತದೆ.

ನಿಮ್ಮ ಕಾಫಿಯನ್ನು ಕೊಳ್ಳುವ ದೊಡ್ಡ ಕಂಪನಿಗಳ ಮೇಲೆ ಬೇರೆಯೇ ಕಟ್ಟುಪಾಡಿದೆ. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಲಿಸ್ಟೆಡ್ ಕಂಪನಿಗಳು ನೀರು, ವಿದ್ಯುತ್, ತ್ಯಾಜ್ಯಗಳ ವಿವರವನ್ನು ವ್ಯವಹಾರದ ಹೊಣೆಗಾರಿಕೆ, ಸುಸ್ಥಿರತೆ ಕುರಿತ ಬಿಆರ್‌ಎಸ್‌ಆರ್ ವರದಿಯಲ್ಲಿ ಪ್ರಕಟಿಸುವುದನ್ನು ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ 2022-23ರಿಂದ ಕಡ್ಡಾಯ ಮಾಡಿದೆ. ಅಂಥ ಕಂಪನಿ ನಿಮ್ಮಿಂದ ಮಾಹಿತಿ ಕೇಳಿದಾಗ, ಮಂಡಳಿಗೆ ಕೊಟ್ಟ ಅಂಕಿಯನ್ನೇ ಕೊಡಿ. ಅವರ ಪ್ರಶ್ನೆ ಬೇರೆ ಅವಧಿಯದ್ದಾಗಿದ್ದರೆ ಆ ಅವಧಿಯನ್ನು ನಮೂದಿಸಿ. ಅಕ್ಟೋಬರಿನಿಂದ ಸೆಪ್ಟೆಂಬರಿನವರೆಗಿನ ಕಾಫಿ ವರ್ಷದ ಲೆಕ್ಕವನ್ನು ಹಣಕಾಸು ವರ್ಷದ ಲೆಕ್ಕದೊಂದಿಗೆ ಬೆರೆಸಬೇಡಿ.

ಸಲ್ಲಿಸಿದ ಸ್ವೀಕೃತಿ, ಮೀಟರ್ ಪುಸ್ತಕ ಮತ್ತು ಪ್ರಯೋಗಾಲಯದ ವರದಿಯನ್ನು ಒಂದೇ ಕಡತದಲ್ಲಿಡಿ. ಸಮ್ಮತಿ ನವೀಕರಣದ ಅರ್ಜಿಯ ವೇಳೆ ಮೂರೂ ಬೇಕಾಗುತ್ತವೆ.