ಮೆಡೂಸಾಳ ಕಥೆಯ ಮೂಲ ಹುಡುಕಿದ ನನ್ನ ಅನುಭವ

ಗ್ರೀಕ್ ಪುರಾಣದ ಮೆಡೂಸಾಳ ಕಥೆಯನ್ನು ಕನ್ನಡದಲ್ಲಿ ಬರೆದುಕೊಡಲು ಒಪ್ಪಿಕೊಂಡಾಗ ಅದು ನಾಲ್ಕು ದಿನದ ಕೆಲಸವೆಂದು ಭಾವಿಸಿದ್ದೆ. ಎಲ್ಲರೂ ಕೇಳಿರುವ ಕಥೆಯೇ: ಅಥೀನಾ ದೇವಿಯ ಗುಡಿಯಲ್ಲಿ ಕಡಲ ದೇವರು ಪೊಸೈಡನ್ ಚೆಲುವೆಯೊಬ್ಬಳ ಮೇಲೆ ಅತ್ಯಾಚಾರವೆಸಗಿದ, ಸಿಟ್ಟಿಗೆದ್ದ ದೇವಿ ಅವಳಿಗೇ ಶಾಪವಿತ್ತು ಕೂದಲನ್ನು ಹಾವುಗಳನ್ನಾಗಿಸಿದಳು, ಮುಂದೆ ಪರ್ಸಿಯಸ್ ಎಂಬ ವೀರ ಅವಳ ತಲೆ ಕಡಿದ. ಮೊದಲ ಕರಡು ಮುಗಿಸಿ, ಪ್ರತಿ ವಾಕ್ಯದ ಪಕ್ಕದಲ್ಲಿ ಅದನ್ನು ಹೇಳಿದ ಪ್ರಾಚೀನ ಕವಿಯ ಹೆಸರನ್ನು ಗುರುತುಹಾಕಲು ಹೊರಟೆ. ಶಾಪದ ವಾಕ್ಯದ ಪಕ್ಕದಲ್ಲಿ ಬರೆಯಲು ಒಬ್ಬ ಗ್ರೀಕ್ ಕವಿಯೂ ಸಿಗಲಿಲ್ಲ. ಹಾಗೆ ಆರಂಭವಾದ ಹುಡುಕಾಟ ಐದು ತಿಂಗಳು ನಡೆಯಿತು.

ನೋಟ್‌ಬುಕ್ಕಿನಲ್ಲಿ ಒಂದು ಕೋಷ್ಟಕ ಹಾಕಿಕೊಂಡೆ: ವಿವರ, ಕೃತಿ, ಸಾಲಿನ ಸಂಖ್ಯೆ, ಕಾಲ. ಆ ಮಾತು ಕೃತಿಯೊಳಗೆ ಯಾರ ಬಾಯಲ್ಲಿದೆ ಎಂಬ ಐದನೆಯ ಅಂಕಣವನ್ನು ಆಮೇಲೆ ಸೇರಿಸಿದೆ. ಕೊನೆಗೆ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಅದೇ. ನನಗೆ ಲ್ಯಾಟಿನ್ ಒಂದಿಷ್ಟು ಬರುತ್ತದೆ, ಗ್ರೀಕ್ ಅಕ್ಷರ ಗುರುತಿಸಿ ನಿಘಂಟು ನೋಡುವಷ್ಟು ಮಾತ್ರ. ಹಾಗಾಗಿ ಎಡಪುಟದಲ್ಲಿ ಮೂಲವನ್ನೂ ಬಲಪುಟದಲ್ಲಿ ಇಂಗ್ಲಿಷನ್ನೂ ಕೊಡುವ ಲೋಬ್ ಮಾಲೆಯ ಪುಸ್ತಕಗಳನ್ನೂ, ಪದದ ಮೇಲೆ ಒತ್ತಿದರೆ ನಿಘಂಟು ತೆರೆಯುವ ಟಫ್ಟ್ಸ್ ವಿಶ್ವವಿದ್ಯಾಲಯದ ಪರ್ಸಿಯಸ್ ಡಿಜಿಟಲ್ ಗ್ರಂಥಾಲಯವನ್ನೂ ಅಕ್ಕಪಕ್ಕದಲ್ಲಿಟ್ಟುಕೊಂಡು ಓದಿದೆ.

ಗ್ರೀಕ್ ಕವಿ ಹೋಮರನಲ್ಲಿ ಗಾರ್ಗನ್ ಎಂಬ ಭಯಂಕರ ರಾಕ್ಷಸಿಯ ತಲೆ ಮಾತ್ರ ಇದೆ. ಇಲಿಯಡ್‌ನ 5ನೆಯ ಸರ್ಗದಲ್ಲಿ ಅದು ಅಥೀನಾ ತೊಡುವ ಏಜಿಸ್ ಎಂಬ ದೈವಿಕ ರಕ್ಷಾಕವಚದ ಮೇಲಿದೆ. ಒಡಿಸ್ಸಿಯ 11ನೆಯ ಸರ್ಗದಲ್ಲಿ ಪಾತಾಳದ ರಾಣಿ ಪರ್ಸೆಫೊನಿ ಆ ತಲೆಯನ್ನು ಅಲ್ಲಿಂದ ಕಳಿಸಿಯಾಳೆಂದು ಕಥಾನಾಯಕ ಒಡಿಸ್ಯೂಸ್ ಹೆದರುತ್ತಾನೆ. ಹೆಸರುಗಳು ಬರುವುದು ಇನ್ನೊಬ್ಬ ಗ್ರೀಕ್ ಕವಿ ಹೆಸಿಯಡ್‌ನ ಥಿಯೋಗನಿ ಕಾವ್ಯದಲ್ಲಿ, 270ನೆಯ ಸಾಲಿನ ನಂತರ. ಗಾರ್ಗನ್‌ಗಳೆಂದರೆ ಸ್ಥೆನೋ, ಯೂರಿಯಾಲಿ, ಮೆಡೂಸಾ ಎಂಬ ಮೂವರು ಅಕ್ಕತಂಗಿಯರು. ಇಬ್ಬರಿಗೆ ಮುಪ್ಪೂ ಸಾವೂ ಇಲ್ಲ, ಮೆಡೂಸಾ ಒಬ್ಬಳು ಸಾಯುವವಳು. ಪೊಸೈಡನ್ ಅವಳೊಡನೆ ಮಲಗಿದ್ದು ವಸಂತದ ಹೂಗಳ ನಡುವೆ, ಮೆತ್ತನೆಯ ಹುಲ್ಲುಗಾವಲಿನಲ್ಲಿ. ಅಲ್ಲಿ ಗುಡಿಯಿಲ್ಲ, ಅಥೀನಾಳ ಕೋಪವೂ ಇಲ್ಲ. ಈಸ್ಕಿಲಸ್‌ನ ಹೆಸರಿನಲ್ಲಿ ಉಳಿದಿರುವ ಬಂಧಿತ ಪ್ರೊಮಿಥಿಯಸ್ ನಾಟಕದಲ್ಲಂತೂ ಮೂವರಿಗೂ ರೆಕ್ಕೆಗಳಿವೆ, ಮೂವರ ತಲೆಯಲ್ಲೂ ಹಾವುಗಳಿವೆ. ಮೂವರೂ ಹಾಗೆಯೇ ಇದ್ದರೆಂದಮೇಲೆ ಒಬ್ಬಳಿಗೆ ಶಿಕ್ಷೆಯಾಯಿತೆಂಬ ಮಾತಿಗೆ ಎಡೆಯೇ ಇಲ್ಲ.

ಆ ಎಡೆಯನ್ನು ನಿರ್ಮಿಸಿದವನು ರೋಮಿನ ಓವಿಡ್, ಹೆಸಿಯಡ್‌ಗಿಂತ ಸುಮಾರು ಏಳು ಶತಮಾನ ಈಚಿನವನು. ಅವನ ಮೆಟಮಾರ್ಫಸೀಸ್ ಕಾವ್ಯದ 4ನೆಯ ಸರ್ಗದ ಕೊನೆಯಲ್ಲಿ ಪರ್ಸಿಯಸ್‌ನ ಮದುವೆಯ ಔತಣ ನಡೆದಿದೆ. ಅಕ್ಕತಂಗಿಯರಲ್ಲಿ ಮೆಡೂಸಾ ಒಬ್ಬಳ ಕೂದಲಿನಲ್ಲೇ ಹಾವುಗಳು ಏಕಿದ್ದವು ಎಂದು ಅತಿಥಿಯೊಬ್ಬ ಕೇಳುತ್ತಾನೆ. ಪ್ರಶ್ನೆಯಲ್ಲೇ ಹಳೆಯ ಕಥೆ ಬದಲಾಗಿಹೋಗಿದೆ. ಉತ್ತರ ಕೊಡುವವನು ಅವಳನ್ನು ಕೊಂದ ಪರ್ಸಿಯಸ್; ಇದಾದ ಸ್ವಲ್ಪ ಹೊತ್ತಿಗೆ ಅಲ್ಲಿಯೇ ಜಗಳ ಹುಟ್ಟಿದಾಗ ಅದೇ ತಲೆಯನ್ನು ಎತ್ತಿಹಿಡಿದು ಎದುರಾಳಿ ಫಿನಿಯಸ್‌ನನ್ನು ಕಲ್ಲಾಗಿಸುವವನೂ ಅವನೇ. ಐದನೆಯ ಅಂಕಣವನ್ನು ಸೇರಿಸಿದ್ದು ಈ ಸಾಲುಗಳನ್ನು ಓದಿದ ರಾತ್ರಿ. ಪಂಪನಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ಅದನ್ನು ನಾವು ವ್ಯಾಸರ ತಲೆಗೆ ಕಟ್ಟುವುದಿಲ್ಲ. ಓವಿಡ್‌ನ ಮಾತನ್ನು ಇಡೀ ಗ್ರೀಸಿನ ತಲೆಗೆ ಕಟ್ಟುವುದೂ ಅಷ್ಟೇ ತಪ್ಪೆಂದು ನನಗೆ ಮನವರಿಕೆಯಾಯಿತು.

ಅನುವಾದದಲ್ಲಿ ಹೆಚ್ಚು ದಿನ ಹಿಡಿದದ್ದು ಗುಡಿಯಲ್ಲಿ ಪೊಸೈಡನ್ ಮಾಡಿದ್ದನ್ನು ಓವಿಡ್‌ನ ಪರ್ಸಿಯಸ್ ಹೇಳುವ ಎರಡೇ ಲ್ಯಾಟಿನ್ ಪದಗಳು: ವಿಟಿಯಾಸ್ಸೆ, ಡಿಕಿಟುರ್. ಮೊದಲನೆಯ ಕ್ರಿಯಾಪದಕ್ಕೆ ಹಾಳುಮಾಡುವುದು ಎಂಬ ಸಾಮಾನ್ಯ ಅರ್ಥವೂ, ಹೆಣ್ಣಿನ ಮೇಲೆ ಅತ್ಯಾಚಾರವೆಸಗುವುದು ಎಂಬ ಅರ್ಥವೂ ಇವೆ. ಕನ್ನಡದ ‘ಕೆಡಿಸು’ ಇವೆರಡನ್ನೂ ಹೊರುತ್ತದೆ, ಕಳಂಕವನ್ನು ಹೆಣ್ಣಿನ ಮೇಲೆಯೇ ಹೊರಿಸುವ ಅನ್ಯಾಯದ ಸಮೇತ. ಆ ಕಾರಣಕ್ಕೆ ಅದನ್ನು ಒಮ್ಮೆ ಹೊಡೆದುಹಾಕಿದ್ದೆ. ಮಾತನಾಡುತ್ತಿರುವವನು ಪರ್ಸಿಯಸ್ ಎಂಬುದು ಸ್ಪಷ್ಟವಾದ ಮೇಲೆ ಮತ್ತೆ ಸೇರಿಸಿದೆ. ಎರಡನೆಯ ಪದದ ಅರ್ಥ ‘ಎಂದು ಹೇಳುತ್ತಾರೆ’. ಪರ್ಸಿಯಸ್ ಕಣ್ಣಾರೆ ಕಂಡದ್ದನ್ನು ಹೇಳುತ್ತಿಲ್ಲ, ಕೇಳಿದ್ದನ್ನು ಹೇಳುತ್ತಿದ್ದಾನೆ. ನಾನು ನೋಡಿದ ಹಲವು ಮರುನಿರೂಪಣೆಗಳಲ್ಲಿ ಈ ಪದ ಬಿಟ್ಟುಹೋಗಿತ್ತು. ನಮ್ಮಲ್ಲಿ ಅದಕ್ಕೆ ಬೇರೆ ವಾಕ್ಯವೇ ಬೇಕಿಲ್ಲ: ‘ಕೆಡಿಸಿದನಂತೆ’ ಎಂದರೆ ಎರಡೂ ಪದಗಳು ಬಂದುಬಿಡುತ್ತವೆ.

‘ಶಾಪ’ ಎಂಬ ಪದವನ್ನು ಮಾತ್ರ ಕೈಬಿಟ್ಟೆ. ಓವಿಡ್‌ನಲ್ಲಿ ದೇವಿ ಏನನ್ನೂ ನುಡಿಯುವುದಿಲ್ಲ. ಮುಖ ತಿರುಗಿಸಿ, ಏಜಿಸ್‌ನಿಂದ ಕಣ್ಣು ಮುಚ್ಚಿಕೊಂಡು, ಕೃತ್ಯ ಶಿಕ್ಷೆಯಿಲ್ಲದೆ ಹೋಗಬಾರದೆಂದು ಕೂದಲನ್ನು ಹಾವುಗಳಾಗಿ ಬದಲಿಸುತ್ತಾಳೆ. ಶಾಪವೆಂದರೆ ಕನ್ನಡ ಓದುಗನ ಮನಸ್ಸಿಗೆ ಕಮಂಡಲುವಿನ ನೀರು, ಉಚ್ಚರಿಸಿದ ಮಾತು, ವಿಮೋಚನೆಯ ನಿರೀಕ್ಷೆ ಎಲ್ಲವೂ ಬರುತ್ತವೆ. ಮೆಡೂಸಾಳಿಗೆ ವಿಮೋಚನೆಯಿಲ್ಲ.

ಅಪೊಲೊಡೋರಸ್‌ನ ಹೆಸರಿನಲ್ಲಿರುವ ಗ್ರೀಕ್ ಪುರಾಣಕಥೆಗಳ ಸಂಗ್ರಹದಲ್ಲಿ ಅವಳ ತಲೆ ಹೋದದ್ದಕ್ಕೆ, ಅವಳು ಅಥೀನಾಳೊಡನೆ ಚೆಲುವಿನಲ್ಲಿ ಪೈಪೋಟಿಗಿಳಿದಳೆಂಬ ಇನ್ನೊಂದು ಕಾರಣವಿದೆ. ಅದನ್ನು ಒಂದೇ ಸಾಲಿನಲ್ಲಿ ಸೇರಿಸಿದೆ. ಅಂತಿಮ ಪ್ರತಿಯಲ್ಲಿ ಕಥೆಗಳನ್ನು ಕಲಸಿಲ್ಲ. ಹೆಸಿಯಡ್‌ನ ಹುಲ್ಲುಗಾವಲು ಮೊದಲು ಬರುತ್ತದೆ, ಬಳಿಕ ಹಾವಿನ ಕೂದಲಿನ ಮೂವರು ಸೋದರಿಯರು, ಕೊನೆಗೆ ರೋಮ್. ಆ ಕೊನೆಯ ಭಾಗವನ್ನು ನಾನು ಹೇಳುವುದಿಲ್ಲ. ಔತಣದಲ್ಲಿ ಕುಳಿತ ಪರ್ಸಿಯಸ್ ಹೇಳುತ್ತಾನೆ.