ಎದುರಾಳಿಗಳಿಗೆ ಆರು ಸೀಟು: ಹಾಸನದಿಂದ ಕಂಠೀರವಕ್ಕೆ ಟಿಟಿ ತುಂಬಿಸಿದ ಲೆಕ್ಕ

ಹದಿನೇಳು ಸೀಟಿನ ಟಿಟಿ, ಅಂದರೆ ಟೆಂಪೋ ಟ್ರಾವೆಲರ್. ಹನ್ನೊಂದು ಸೀಟು ನಮ್ಮ ಫುಟ್‌ಬಾಲ್ ತಂಡ ಬೆಂಗಳೂರು ಎಫ್‌ಸಿ ಕಡೆಯವರಿಗೆ, ಆರು ಸೀಟು ಅವತ್ತಿನ ಎದುರು ತಂಡದವರಿಗೆ. ಹಾಸನದಿಂದ ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೆ ಒಟ್ಟಿಗೆ ಹೋಗಿ, ಇಂಡಿಯನ್ ಸೂಪರ್ ಲೀಗ್ ಪಂದ್ಯ ಮುಗಿಸಿ, ಅದೇ ಗಾಡಿಯಲ್ಲಿ ಒಟ್ಟಿಗೆ ವಾಪಸ್. ಈ ಯೋಚನೆ ಮುಂದಿಟ್ಟಾಗ ನಮ್ಮವರಲ್ಲೇ ಒಬ್ಬರೂ ಒಪ್ಪಲಿಲ್ಲ. ಬೆಂಕಿ ಪಕ್ಕ ಬೆಣ್ಣೆ ಇಟ್ಟ ಹಾಗೆ, ನೆಲಮಂಗಲ ದಾಟೋದ್ರೊಳಗೆ ಕೈಕೈ ಮಿಲಾಯಿಸ್ತಾರೆ ಅಂದರು. ಆಮೇಲೆ ಎರಡು ಸೀಸನ್ ಕಳೆದಿದೆ, 2023-24 ಮತ್ತು 2024-25. ಸೀಸನ್ನಿಗೆ ಐದರಂತೆ ಹತ್ತು ಪ್ರಯಾಣ ಗೊತ್ತು ಮಾಡಿದ್ದೆವು, ಹತ್ತೂ ಹೊರಟವು. ಅದಕ್ಕೂ ಹಿಂದಿನ ಸೀಸನ್ನಿನಲ್ಲಿ ಐದರಲ್ಲಿ ಮೂರು ರದ್ದಾಗಿದ್ದವು.

ರದ್ದಾಗುತ್ತಿದ್ದದ್ದು ಯಾಕೆ ಅಂತ ಗಾಡಿ ಕಟ್ಟಿ ನೋಡಿದ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹೋಗಿ ಬರೋದು ಸುಮಾರು 340 ಕಿ.ಮೀ., ಕಿಲೋಮೀಟರಿಗೆ 22 ರೂಪಾಯಿ ಹಿಡಿದರೂ ಏಳೂವರೆ ಸಾವಿರದ ಹತ್ತಿರ. ಚಾಲಕರ ಬಾಟಾ 600. ಶಾಂತಿಗ್ರಾಮದಿಂದ ಶುರುವಾಗಿ ದಾರಿಯುದ್ದದ ಟೋಲ್‌ಗಳು ಇನ್ನೊಂದು ಆರುನೂರರ ಆಸುಪಾಸು. ಒಟ್ಟು 8,700. ಹದಿನೇಳು ಜನ ಇದ್ದರೆ ತಲೆಗೆ 510, ಹತ್ತೇ ಜನ ಆದರೆ 870, ಆರಕ್ಕಿಳಿದರೆ 1,450. ಹಿಂದಿನ ಪಂದ್ಯ ಸೋತಿದ್ದರೆ ಬುಧವಾರದ ಹೊತ್ತಿಗೆ ಒಬ್ಬೊಬ್ಬರೇ ಜಾರುತ್ತಾರೆ. ಒಬ್ಬ ಜಾರಿದಷ್ಟೂ ಉಳಿದವರ ಪಾಲು ಏರುತ್ತದೆ, ಪಾಲು ಏರಿದಷ್ಟೂ ಇನ್ನೊಬ್ಬ ಜಾರುತ್ತಾನೆ. ಬೆಂಗಳೂರು 2023-24ರಲ್ಲಿ ಹನ್ನೆರಡು ತಂಡಗಳಲ್ಲಿ ಹತ್ತನೆಯದಾಗಿ ಮುಗಿಸಿತು. ಹಳೇ ಕ್ರಮದಲ್ಲೇ ಇದ್ದಿದ್ದರೆ ಆ ವರ್ಷ ಒಂದು ಗಾಡಿಯೂ ಹಾಸನ ಬಿಡುತ್ತಿರಲಿಲ್ಲ.

ಮೊದಲು ಬೇರೆ ದಾರಿಗಳನ್ನೂ ನೋಡಿದ್ದೆವು. ರೈಲು ಅಗ್ಗ, ಆದರೆ ಹಾಸನದ ಕಡೆಗೆ ಬರುವ ರಾತ್ರಿ ರೈಲಿನ ಹೊತ್ತು ಏಳೂವರೆಯ ಪಂದ್ಯಕ್ಕೆ ಹೊಂದಲಿಲ್ಲ. ಸಾರಿಗೆ ಬಸ್ಸು ನಾಲ್ಕೈದು ಜನಕ್ಕೆ ಸರಿ, ಬ್ಯಾನರು ತಮಟೆ ಹೊತ್ತು ಹದಿನೈದು ಜನ ಹೊರಟರೆ ಮೂರು ಬಸ್ಸಿಗೆ ಚದುರಿಹೋಗುತ್ತಾರೆ. ಚಿಕ್ಕ ಗಾಡಿ ಮಾಡಿದರೆ ಬಾಡಿಗೆ ಇಳಿಯುವುದು ಅಷ್ಟಕ್ಕಷ್ಟೇ. ಹನ್ನೆರಡು ಸೀಟಿನದಕ್ಕೂ ಹದಿನೇಳರದಕ್ಕೂ ಕಿಲೋಮೀಟರಿಗೆ ಮೂರು ನಾಲ್ಕು ರೂಪಾಯಿ ವ್ಯತ್ಯಾಸ. ಕಡಿಮೆ ಮಾಡಬೇಕಾದದ್ದು ಗಾಡಿಯನ್ನಲ್ಲ, ಖಾಲಿ ಸೀಟನ್ನು.

ಖಾಲಿ ಸೀಟು ತುಂಬುವವರು ಯಾರು? ನಮ್ಮ ತಂಡ ಸೋಲುತ್ತಿರುವಾಗ ಉಮೇದಿನಲ್ಲಿರುವವರು. ಹಾಸನದಲ್ಲಿ ಕೇರಳ ಬ್ಲಾಸ್ಟರ್ಸ್ ಅಭಿಮಾನಿಗಳಿಗೆ ಬರ ಇಲ್ಲ: ನರ್ಸಿಂಗ್, ಎಂಜಿನಿಯರಿಂಗ್ ಓದಲು ಬಂದವರು, ಬೇಕರಿ, ಟೈರ್ ಅಂಗಡಿಯವರು. ಚಿನ್ನದ ಕೆಲಸದ ಬಂಗಾಳಿ ಹುಡುಗರಲ್ಲಿ ಕೋಲ್ಕತ್ತದ ಮೋಹನ್ ಬಾಗಾನ್ ಅಂದರೆ ಪ್ರಾಣ ಬಿಡುವವರಿದ್ದಾರೆ. ಅವರಿಗೂ ಕಂಠೀರವಕ್ಕೆ ಹೋಗುವ ಆಸೆ, ಆರು ಜನಕ್ಕೆ ಗಾಡಿ ಕಟ್ಟುವ ಶಕ್ತಿ ಇಲ್ಲ. ಅವರ ತಂಡ ಗೆಲ್ಲುತ್ತಾ ಹೋದಷ್ಟೂ ಅವರ ಆರು ಸೀಟು ಬೇಗ ತುಂಬುತ್ತವೆ.

ತಕರಾರು ಬಂದದ್ದು 2023ರ ಮಾರ್ಚ್ 3ರ ಪಂದ್ಯದಿಂದ. ಪ್ಲೇಆಫ್‌ನಲ್ಲಿ ಹೆಚ್ಚುವರಿ ಸಮಯದಲ್ಲಿ ನಮ್ಮ ಸುನಿಲ್ ಛೆಟ್ರಿ ಎದುರಾಳಿಗಳು ಸಜ್ಜಾಗುವ ಮುಂಚೆಯೇ ಹೊಡೆದ ಫ್ರೀಕಿಕ್ ಗೋಲಾಗಿ, ಬ್ಲಾಸ್ಟರ್ಸ್ ಆಟಗಾರರು ಮೈದಾನ ಬಿಟ್ಟು ಹೊರನಡೆದ ರಾತ್ರಿ. ಅದಾದ ಮೇಲೆ ಎರಡೂ ಕಡೆ ಎಣ್ಣೆ ಸೀಗೆಕಾಯಿ. ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳೋದಾ ಅಂತ ನಮ್ಮ ಮೂವರು ಗುಂಪೇ ಬಿಟ್ಟರು. ಮುಂದಿನ ಸೀಸನ್ನಿನ ಮೂರನೇ ಪ್ರಯಾಣಕ್ಕೆ ಇಬ್ಬರು ವಾಪಸ್ ಬಂದರು.

ಮೊದಲ ತಪ್ಪು ದರದಲ್ಲೇ ಆಯಿತು. ನಮ್ಮವರಿಗೆ 550, ಅವರಿಗೆ 700 ಅಂತ ಇಟ್ಟೆವು. ಎರಡೇ ಸೀಟು ಹೋದವು. ದುಡ್ಡಿಗಿಂತ ಹೆಚ್ಚಾಗಿ ಅವರಿಗೆ ಅದು ಅವಮಾನ ಅನ್ನಿಸಿತ್ತು. ಎಲ್ಲರಿಗೂ 550 ಅಂದ ವಾರವೇ ಆರೂ ತುಂಬಿದವು. ಎರಡನೇ ತಪ್ಪು, ಆರು ಜನರ ಹತ್ತಿರ ಆರು ಸಲ ವ್ಯವಹಾರ ಮಾಡಿದ್ದು. ಈಗ ಒಂದು ತಂಡಕ್ಕೆ ಒಬ್ಬರೇ ಮುಖ್ಯಸ್ಥರು. ಆರು ಸೀಟಿನ 3,300 ಅವರೇ ಎತ್ತಿ, ಪಂದ್ಯಕ್ಕೆ ಮೂರು ದಿನ ಮುಂಚೆ ಕೊಡಬೇಕು. ಯಾರಾದರೂ ಬರದಿದ್ದರೆ ಬದಲಿ ಹುಡುಕೋದು ಅವರ ಹೊಣೆ. ಮುಖ್ಯಸ್ಥರನ್ನು ಆರಿಸುವಾಗ ವಿದ್ಯಾರ್ಥಿಗಳಿಗಿಂತ ಊರಲ್ಲಿ ಅಂಗಡಿ ಇಟ್ಟುಕೊಂಡವರು ವಾಸಿ, ಪರೀಕ್ಷೆ ಬಂತು ಅಂತ ಕೊನೇ ಗಳಿಗೆಯಲ್ಲಿ ಕೈ ಎತ್ತುವುದಿಲ್ಲ.

ನಮ್ಮ ಹನ್ನೊಂದು ಜನಕ್ಕೆ ಚೀಟಿ ಪದ್ಧತಿ. ಪಂದ್ಯಕ್ಕಿಷ್ಟು ಅಂತ ಇಲ್ಲ, ಇಡೀ ಸೀಸನ್ನಿಗೆ 2,750, ಐದು ಕಂತು. ಬಂದರೂ ಅಷ್ಟೇ, ಬರದಿದ್ದರೂ ಅಷ್ಟೇ. ಐದು ಪಂದ್ಯ ಆರಿಸುವಾಗ ಗೆಲ್ಲುವ ಪಂದ್ಯ ನೋಡಬೇಡಿ, ಎದುರು ತಂಡಕ್ಕೆ ಹಾಸನದಲ್ಲಿ ಆರು ಜನ ಸಿಗುತ್ತಾರಾ ನೋಡಿ. ಜಮ್ಶೆಡ್‌ಪುರ, ಪಂಜಾಬ್ ಪಂದ್ಯಕ್ಕೆ ಸಿಗಲ್ಲ. ಬ್ಲಾಸ್ಟರ್ಸ್, ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್‌ಗೆ ಸಿಗುತ್ತಾರೆ. ಚೆನ್ನೈಯಿನ್ ಪಂದ್ಯಕ್ಕೆ ನಾಲ್ಕು ದಾಟಿಲ್ಲ. 2018ರ ಮಾರ್ಚ್ 17ರಂದು ಕಂಠೀರವದಲ್ಲೇ ಫೈನಲ್ಲನ್ನು 3-2ರಿಂದ ಅವರು ಕಿತ್ತುಕೊಂಡು ಹೋದದ್ದನ್ನು ನಮ್ಮವರು ಮರೆತಿಲ್ಲ. ಮರು ವರ್ಷ ಅದೇ ಮಾರ್ಚ್ 17ಕ್ಕೆ ಮುಂಬೈಯಲ್ಲಿ ನಮ್ಮ ರಾಹುಲ್ ಭೇಕೆ ಹೆಡರ್‌ನಿಂದ ಗೋವಾವನ್ನು ಸೋಲಿಸಿ ಕಪ್ ಬಂದರೂ ಆ ನೋವು ಆರಿಲ್ಲ. ಹಾಗಾಗಿ ಚೆನ್ನೈಯಿನ್ ಪಂದ್ಯಕ್ಕೆ ನಮ್ಮವರೇ ಹದಿಮೂರು ಜನ ಆಗುತ್ತಾರೆ.

ಹೊತ್ತಿನ ಲೆಕ್ಕ ಹೀಗೆ. ಹಾಸನ ಬಿಡೋದು ಒಂದೂವರೆ, ಬೆಳ್ಳೂರು ಕ್ರಾಸ್‌ನಲ್ಲಿ ಇಪ್ಪತ್ತು ನಿಮಿಷ ಕಾಫಿ, ನಾಲ್ಕೂಮುಕ್ಕಾಲಿಗೆ ಮಾದಾವರ ಮೆಟ್ರೋ ನಿಲ್ದಾಣ. ಟಿಟಿಯನ್ನು ಅಲ್ಲಿಂದ ಮುಂದಕ್ಕೆ ಒಯ್ಯಬೇಡಿ. ಗೊರಗುಂಟೆಪಾಳ್ಯ, ಯಶವಂತಪುರ ದಾಟುವಷ್ಟರಲ್ಲಿ ಒಂದು ಗಂಟೆ ತಿನ್ನುತ್ತದೆ, ಡೀಸೆಲ್ ಬೇರೆ. ಹಸಿರು ಮಾರ್ಗ ಹತ್ತಿ ಮೆಜೆಸ್ಟಿಕ್‌ನಲ್ಲಿ ನೇರಳೆಗೆ ಬದಲಿಸಿ ಕಬ್ಬನ್ ಪಾರ್ಕ್‌ನಲ್ಲಿ ಇಳಿದರೆ ಹದಿನೈದು ಇಪ್ಪತ್ತು ನಿಮಿಷದ ನಡಿಗೆ. 2024ರ ನವೆಂಬರಿನಲ್ಲಿ ಮಾದಾವರದವರೆಗೆ ಮೆಟ್ರೋ ಬರುವ ಮುಂಚೆ ನಾಗಸಂದ್ರದಲ್ಲಿ ಬಿಡುತ್ತಿದ್ದೆವು, ಅಲ್ಲಿ ಸರ್ವಿಸ್ ರಸ್ತೆಯಲ್ಲಿ ಗಾಡಿ ನಿಲ್ಲಿಸೋದೇ ದೊಡ್ಡ ತಲೆನೋವು. ಮೆಟ್ರೋ ಖರ್ಚು ಹೋಗಿ ಬರಲು ತಲೆಗೆ ನೂರೈವತ್ತರ ಸುತ್ತಮುತ್ತ, ಅದು ಅವರವರದು. ಪಂದ್ಯದ ಟಿಕೆಟ್ಟೂ ಅಷ್ಟೇ. ಎದುರು ಕಡೆಯವರು ತಮ್ಮ ಸ್ಟ್ಯಾಂಡಿನ ಟಿಕೆಟ್ಟನ್ನೇ ತೆಗೆದುಕೊಂಡಿದ್ದಾರಾ ಅಂತ ಹಾಸನದಲ್ಲೇ ನೋಡಿಕೊಳ್ಳಿ, ಅವರ ಜೆರ್ಸಿ ಹಾಕಿಕೊಂಡು ನಮ್ಮ ಸ್ಟ್ಯಾಂಡಿನ ಟಿಕೆಟ್ ತಂದರೆ ಗೇಟಿನಲ್ಲಿ ತಕರಾರು.

ಒಂಬತ್ತೂವರೆಗೆ ಪಂದ್ಯ ಮುಗಿದರೆ ಹತ್ತಕ್ಕೆ ಮೆಟ್ರೋ, ಹನ್ನೊಂದಕ್ಕೆ ಮಾದಾವರ, ಎರಡೂಕಾಲಿಗೆ ಹಾಸನ. ಪ್ಲೇಆಫ್ ಆದರೆ ಈ ಲೆಕ್ಕ ನಡೆಯಲ್ಲ. ಹೆಚ್ಚುವರಿ ಸಮಯ, ಪೆನಾಲ್ಟಿ ಅಂತ ಎಳೆದರೆ ಕೊನೇ ಮೆಟ್ರೋ ತಪ್ಪುತ್ತದೆ. 2025ರ ಮಾರ್ಚ್ 29ರಂದು ಮುಂಬೈ ಸಿಟಿ ಮೇಲಿನ ನಾಕೌಟ್ ಪಂದ್ಯಕ್ಕೆ, 5-0ರಿಂದ ಗೆದ್ದದ್ದು, ಟಿಟಿಯನ್ನು ರಾತ್ರಿ ಒಂಬತ್ತರ ಮೇಲೆ ಊರೊಳಗೆ ಕರೆಸಿದೆವು. ಎಲ್ಲಿ ನಿಲ್ಲಿಸಿದೆವು ಅನ್ನೋದನ್ನು ಬರೆಯಲ್ಲ. ಬರೆದರೆ ಮುಂದಿನ ಸಲ ಅಲ್ಲಿ ನಮಗೆ ಜಾಗ ಇರಲ್ಲ.

ಇನ್ನು ಗಾಡಿಯೊಳಗಿನ ಕಟ್ಟಳೆ. ಎಲ್ಲ ಕೆಲಸ ಮಾಡಿದ್ದು ಇದೇ. ಹೋಗುವಾಗ ಜೆರ್ಸಿ ಇಲ್ಲ, ಮಾದಾವರದಲ್ಲಿ ಇಳಿದ ಮೇಲೆ ಹಾಕಿಕೊಳ್ಳಬೇಕು. ದಾರಿಯಲ್ಲಿ ಮೂರು ಗಂಟೆ ಬಣ್ಣ ನೋಡುತ್ತಾ ಕೂತರೆ ಮಾತು ಬೆಳೆಯುತ್ತದೆ. ಹಿಂದಿನ ಉದ್ದ ಸೀಟಿನಲ್ಲಿ ಒಂದೇ ಕಡೆಯ ನಾಲ್ವರು ಕೂರುವಂತಿಲ್ಲ. ಮೊದಲ ಪ್ರಯಾಣದಲ್ಲಿ ಜಗಳದ ಹತ್ತಿರ ಹೋದದ್ದು ಅಲ್ಲಿಂದಲೇ. ವಾಪಸ್ ಬರುವಾಗ ಕಾಲೆಳೆಯುವುದಕ್ಕೆ ಮಾದಾವರದಿಂದ ನೆಲಮಂಗಲದವರೆಗೆ ಮಾತ್ರ ಅವಕಾಶ, ಹತ್ತಿಪ್ಪತ್ತು ನಿಮಿಷ. ಅದನ್ನು ಪೂರ್ತಿ ನಿಷೇಧಿಸಿ ನೋಡಿದ್ದೆವು; ಗೆದ್ದವರ ಹೊಟ್ಟೆಯಲ್ಲಿ ಉಳಿದದ್ದು ಕುಣಿಗಲ್ ಹತ್ತಿರ ಆಚೆ ಬಂದು ಇನ್ನೂ ಕೆಟ್ಟದಾಯಿತು. ಗೆದ್ದ ಕಡೆಯವರು ಮುಂದಿನ ಎರಡು ಸಾಲಿಗೆ. ಗೆದ್ದವರಿಗೆ ಆ ರಾತ್ರಿ ನಿದ್ದೆ ಬರಲ್ಲ, ಚಾಲಕರ ಜೊತೆ ಮಾತಾಡುತ್ತಾ ಅವರನ್ನು ಎಚ್ಚರ ಇಡೋದು ಅವರ ಕೆಲಸ. ಸೋತವರು ಹಿಂದೆ ದೀಪ ಆರಿಸಿ ಮಲಗಲಿ. ವಾಟ್ಸ್‌ಆ್ಯಪ್ ಗುಂಪು ಪಂದ್ಯ ಮುಗಿದ ಕ್ಷಣದಿಂದ ಬೆಳಿಗ್ಗೆ ಎಂಟರವರೆಗೆ ಅಡ್ಮಿನ್ ಮಾತ್ರ ಬರೆಯುವ ಹಾಗೆ ಬಂದ್.

ಊಟದ ಕಟ್ಟಳೆಗೆ ಬರೋಣ. ಎಲ್ಲ ಕಡೆ ರೂಢಿ ಇರುವ ಹಾಗೆ ಸೋತವರು ಊಟ ಕೊಡಿಸಬೇಕು ಅಂತ ಶುರು ಮಾಡಿದೆವು. ದೊಡ್ಡ ತಪ್ಪು. ಸೋತು, ದುಡ್ಡೂ ಕೊಟ್ಟು ಬಂದವನು ಮುಂದಿನ ಸಲ ಬರುವುದಿಲ್ಲ. ತಿರುವಿಹಾಕಿ ಗೆದ್ದವರು ಕೊಡಿಸಬೇಕು ಅಂತ ಮಾಡಿದಾಗ ಇನ್ನೊಂದು ತೊಡಕು: ಅವರು ಆರು ಜನ ಗೆದ್ದರೆ ನಮ್ಮ ಹನ್ನೊಂದು ಜನಕ್ಕೆ ಕೊಡಿಸಬೇಕು, ಅದು ಅನ್ಯಾಯ. ಕೊನೆಗೆ ನಿಂತದ್ದು ಹೀಗೆ: ಗೆದ್ದವರು ತಲೆಗೊಬ್ಬ ಸೋತವನ ಊಟ ಕೊಡಿಸಬೇಕು, ಉಳಿದವರದು ಚೀಟಿ ದುಡ್ಡಿನಿಂದ. ಊಟ 130 ಅಂದರೆ ಉಳಿದ ಐದು ಜನಕ್ಕೆ 650. ಹದಿನೇಳು ಜನರಿಂದ 550ರಂತೆ 9,350 ಬರುತ್ತದೆ, ಖರ್ಚು 8,700, ಉಳಿಯೋದೂ ಅದೇ 650. ನಾವು ಗೆದ್ದರೆ ಆರು ಊಟ 780, ಹನ್ನೊಂದು ಜನಕ್ಕೆ ಹಂಚಿದರೆ ತಲೆಗೆ ಎಪ್ಪತ್ತು ಚಿಲ್ಲರೆ. ಡ್ರಾ ಆದರೆ ಅವರವರದು. ಮಧ್ಯಂತರದಲ್ಲಿ ಹೋಟೆಲ್ಲಿಗೆ ಫೋನ್ ಮಾಡಿ ಎಷ್ಟು ಊಟ ಅಂತ ಹೇಳಿಬಿಡಿ, ಹನ್ನೊಂದೂವರೆಗೆ ಹೋಗಿ ಕೇಳಿದರೆ ಅನ್ನ ತಿಳಿಸಾರು ಮಾತ್ರ ಉಳಿದಿರುತ್ತದೆ.

ಈ ಕಟ್ಟಳೆಗಳಿಗೆ ನಿಜವಾದ ಪರೀಕ್ಷೆ 2024ರ ಏಪ್ರಿಲ್ 11. ಮೋಹನ್ ಬಾಗಾನ್ ಕಂಠೀರವದಲ್ಲಿ 4-0ರಿಂದ ಗೆದ್ದು, ಅದರ ಮುಂದಿನ ಪಂದ್ಯದಲ್ಲಿ ಲೀಗ್ ಪಟ್ಟಿಯ ಮೊದಲ ಸ್ಥಾನಕ್ಕೆ ಕೊಡುವ ಶೀಲ್ಡ್ ಎತ್ತಿತು. ಅವತ್ತು ರಾತ್ರಿ ಬಂಗಾಳಿ ಹುಡುಗರು ಆರು ಊಟ ಕೊಡಿಸಿ, ಮುಂದಿನ ಸಾಲಿನಲ್ಲಿ ಕೂತು, ಹಾಸನದವರೆಗೆ ಚಾಲಕರ ಜೊತೆ ಮಾತಾಡಿಕೊಂಡು ಬಂದರು. ಹಿಂದೆ ನಮ್ಮವರು ಮಲಗಿದ್ದರು. ಸೆಪ್ಟೆಂಬರ್ 28ಕ್ಕೆ ಅದೇ ತಂಡವನ್ನು ಅದೇ ಮೈದಾನದಲ್ಲಿ 3-0ರಿಂದ ಸೋಲಿಸಿದಾಗ ಸಾಲು ಅದಲುಬದಲಾಯಿತು. ಎರಡೂ ಸಲ ಹದಿನೇಳಕ್ಕೆ ಹದಿನೇಳು ಸೀಟು ಭರ್ತಿ. ಸುತ್ತಲಿನ ಊರುಗಳಲ್ಲಿ ಹೀಗೆ ನಡೆಸಿದವರನ್ನು ನಾವಂತೂ ಇನ್ನೂ ಕಂಡಿಲ್ಲ.

ಬ್ಯಾನರಿನ ಮೇಲೂ ಸುಮಾರು ದುಡ್ಡು ಸುರಿದಿದ್ದೇವೆ. ಹನ್ನೆರಡು ಅಡಿ ಉದ್ದ, ಎಂಟು ಅಡಿ ಅಗಲ. ಮೊದಲದ್ದು ದಪ್ಪ ಕೋರಾ ಬಟ್ಟೆ, ಗೋಡೆಗೆ ಬಳಿಯುವ ಡಿಸ್ಟೆಂಪರ್. ಮಡಚಿದ ಕಡೆಯೆಲ್ಲಾ ಬಣ್ಣ ಬಿರುಕು ಬಿಟ್ಟು ಉದುರಿತು, ಮಳೆಗೆ ನೆನೆದು ನಾಲ್ಕು ಜನ ಎತ್ತಿದರೂ ಏಳಲಿಲ್ಲ. ಎರಡನೆಯದು ಲೈನಿಂಗ್ ಬಟ್ಟೆ, ಬೈಂಡರ್ ಬೆರೆಸಿದ ಬಟ್ಟೆ ಬಣ್ಣ. ಮಡಚುವ ಬದಲು ಸುತ್ತಿಡುತ್ತೇವೆ. ಅಕ್ಷರ ಬರೆಯಲು ರಾತ್ರಿ ಗೋಡೆಗೆ ಬಟ್ಟೆ ಕಟ್ಟಿ, ಪ್ರೊಜೆಕ್ಟರಿನಿಂದ ಅಕ್ಷರ ಬಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆಯೋದು. ಕಂಠೀರವದಲ್ಲಿ ಸ್ಟ್ಯಾಂಡಿಗೂ ಮೈದಾನಕ್ಕೂ ನಡುವೆ ಓಟದ ಟ್ರ್ಯಾಕ್ ಇದೆ, ಎರಡು ಅಡಿಗಿಂತ ಚಿಕ್ಕ ಅಕ್ಷರ ಆಚೆ ಬದಿಗೆ ಕಾಣಲ್ಲ. ಒತ್ತಕ್ಷರ ಇರುವ ಪದ ಬೇಡ. ದೂರದಿಂದ ಒತ್ತು ಮೇಲಿನ ಅಕ್ಷರಕ್ಕೆ ಅಂಟಿಕೊಂಡು ಮುದ್ದೆಯಾಗುತ್ತದೆ. ಹಾಸನ ಅನ್ನೋ ಮೂರಕ್ಷರದಷ್ಟು ಚೆನ್ನಾಗಿ ಕೂರುವ ಪದ ಇನ್ನೊಂದಿಲ್ಲ. ನೀಲಿ ಬಣ್ಣ ಬೆರೆಸುವ ಪ್ರಮಾಣ ನಮ್ಮಲ್ಲೇ ಇರಲಿ.

ಗಾಡಿ ಹೋಗದ ದಿನ ಹಾಲ್‌ನಲ್ಲಿ ನೋಡುವುದಕ್ಕೂ ಹೀಗೇ ಎರಡೂ ಕಡೆಯವರನ್ನು ಸೇರಿಸಿದೆವು. 2025ರ ಏಪ್ರಿಲ್ 12ರ ಫೈನಲ್, ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ, ಹೆಚ್ಚುವರಿ ಸಮಯದಲ್ಲಿ ಮೋಹನ್ ಬಾಗಾನ್ ನಮ್ಮನ್ನು 2-1ರಿಂದ ಸೋಲಿಸಿತು. ಒಂದೇ ಸೀಸನ್ನಿನಲ್ಲಿ ಶೀಲ್ಡೂ ಕಪ್ಪೂ ಅವರಿಗೆ. ಪ್ರಸಾರ ಮೊಬೈಲ್ ಆ್ಯಪ್‌ನಿಂದ ತೆಗೆದುಕೊಂಡರೆ ಡಿಶ್‌ಗಿಂತ ಅರ್ಧ ನಿಮಿಷ ಹಿಂದೆ ಬೀಳುತ್ತದೆ, ಪಕ್ಕದ ಮನೆಯ ಕೂಗಿನಿಂದ ಗೋಲು ಮೊದಲೇ ಗೊತ್ತಾಗುತ್ತದೆ. ಸೆಟ್‌ಟಾಪ್ ಬಾಕ್ಸನ್ನೇ ನೇರವಾಗಿ ಪ್ರೊಜೆಕ್ಟರಿಗೆ ಕೊಡಿ. ಏಪ್ರಿಲ್ ಸಂಜೆಯ ಗುಡುಗು ಮಳೆಗೆ ಡಿಶ್ ಸಿಗ್ನಲ್ ಹೋಗುತ್ತದೆ, ಆಗ ಮಾತ್ರ ಆ್ಯಪ್. ಕರೆಂಟ್ ಹೋದರೆ 150 ಆಂಪಿಯರ್ ಅವರ್ ಬ್ಯಾಟರಿ ಪ್ರೊಜೆಕ್ಟರು, ಬಾಕ್ಸು, ಸ್ಪೀಕರು ಎಲ್ಲ ಸೇರಿ ಎರಡು ಗಂಟೆ ಎಳೆಯುತ್ತದೆ. ಹೆಚ್ಚುವರಿ ಸಮಯಕ್ಕೆ ಸಾಲದು, ಸ್ಪೀಕರ್ ಕಿತ್ತುಬಿಡಿ. ಎದುರು ಕಡೆಯವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ. ಹಿಂದೆ ಕೂತರೆ ಅವರ ಕೂಗು ನಮ್ಮವರ ಕಿವಿಗೆ ನೇರ ಬೀಳುತ್ತದೆ, ಮುಂದೆ ಕೂತರೆ ಕುಣಿದರೂ ಪರದೆ ಕಡೆ ಮುಖ ಮಾಡಿ ಕುಣಿಯುತ್ತಾರೆ.

ಚೀಟಿ ಒಂದು ಸಲ ಕೈಕೊಟ್ಟಿತು. 2025ರ ಜುಲೈನಲ್ಲಿ ಒಪ್ಪಂದದ ತೊಡಕಿನಿಂದ ಲೀಗನ್ನೇ ತಡೆಹಿಡಿದಾಗ ನಮ್ಮಲ್ಲಿ ಎರಡು ಕಂತು, 12,100 ಸೇರಿತ್ತು. ಅದರಲ್ಲಿ ಮೂರು ಸಾವಿರ ಗಾಡಿಗೆ ಮುಂಗಡ ಕೊಟ್ಟಾಗಿತ್ತು. ಉಳಿದದ್ದನ್ನು ಹನ್ನೊಂದು ಜನಕ್ಕೆ ವಾಪಸ್ ಹಂಚಿದೆವು, ಮುಂಗಡ ಗಾಡಿಯವರ ಲೆಕ್ಕದಲ್ಲಿ ಬಿಟ್ಟೆವು. ಈಗ ವೇಳಾಪಟ್ಟಿ ಕೈಗೆ ಬಂದ ಮೇಲೆಯೇ ಮೊದಲ ಕಂತು, ಮುಂಗಡ ಒಂದು ಪ್ರಯಾಣಕ್ಕೆ ಸಾವಿರ ಮೀರುವಂತಿಲ್ಲ. ಬ್ಲಾಸ್ಟರ್ಸ್ ಕಡೆಯ ಮುಖ್ಯಸ್ಥರು ಆರರ ಬದಲು ಹತ್ತು ಸೀಟು ಕೇಳುತ್ತಿದ್ದಾರೆ. ಇಪ್ಪತ್ತೊಂದು ಸೀಟಿನ ಮಿನಿ ಬಸ್ಸಿಗೆ ಕಿಲೋಮೀಟರಿಗೆ 28 ಹೇಳಿದ್ದಾರೆ, ಅದೂ 550ರಲ್ಲೇ ಕೂರುತ್ತದೆ.